ಗೋಳಕ್ಕೆ ಭೂಪಟ ಹೊದಿಸುವಾಗ: ಟೆಕ್ಸ್ಚರ್ ಕೋಆರ್ಡಿನೇಟ್ ಅರೇಗಳ ಲೆಕ್ಕಾಚಾರ

ಎಲ್ಲರಿಗೂ ನಮಸ್ಕಾರ.

ಓಪನ್‌ಜಿಎಲ್‌ನಲ್ಲಿ (ಮೂರು ಆಯಾಮದ ಗ್ರಾಫಿಕ್ಸ್ ಬರೆಯುವ ಸವಲತ್ತು) ಒಂದು ಗೋಳ ಬರೆದು ಅದಕ್ಕೆ ಭೂಪಟ ಹೊದಿಸುವ ಕೆಲಸವನ್ನೇ ಇವತ್ತು ಉದಾಹರಣೆಗೆ ಇಟ್ಟುಕೊಳ್ಳೋಣ. ಹೊದಿಸುವ ಚಿತ್ರವೇ ಟೆಕ್ಸ್ಚರ್; ಗೋಳದ ಯಾವ ಬಿಂದುವಿಗೆ ಅದರ ಯಾವ ಜಾಗ ಎಂದು ಹೇಳುವ ಸಂಖ್ಯೆಗಳ ಪಟ್ಟಿ ಟೆಕ್ಸ್ಚರ್ ಕೋಆರ್ಡಿನೇಟ್ ಅರೇ. ಅದನ್ನು ಕೊಡುವಾಗ ಆಗುವ ತಪ್ಪುಗಳು ಹೆಚ್ಚುಕಡಿಮೆ ಎಲ್ಲವೂ ಇದೊಂದರಲ್ಲೇ ಸಿಗುತ್ತವೆ.

ಚಿತ್ರದ ಅಡ್ಡ ದಿಕ್ಕು ಯು, ಲಂಬ ದಿಕ್ಕು ವಿ, ಸೇರಿಸಿ ಯುವಿ. ಚಿತ್ರ ಎಷ್ಟೇ ದೊಡ್ಡದಿರಲಿ, ಎರಡೂ 0ಯಿಂದ 1ರವರೆಗೆ. ಗ್ರೀನಿಚ್ ರೇಖೆ ನಡುವೆ ಇದ್ದು, ಅಕ್ಷಾಂಶ ರೇಖಾಂಶಗಳು ಸಮ ಅಂತರದಲ್ಲಿರುವ ಭೂಪಟವಾದರೆ ಬೆಂಗಳೂರಿನ ಯು ಹೀಗೆ: 77.6ಕ್ಕೆ 180 ಕೂಡಿಸಿ 360ರಿಂದ ಭಾಗಿಸಿ, 0.716. ವಿ: 13ಕ್ಕೆ 90 ಕೂಡಿಸಿ 180ರಿಂದ ಭಾಗಿಸಿ, 0.572.

ಗೋಳವನ್ನು ಕಿತ್ತಳೆ ತೊಳೆಗಳಂತೆ 36 ಭಾಗ, ಅಡ್ಡಕ್ಕೆ 18 ಪಟ್ಟಿ ಮಾಡಿದ್ದೇವೆ ಎನ್ನಿ. ಶೃಂಗಗಳ (ಮೂಲೆಬಿಂದುಗಳ, ಅಂದರೆ ವರ್ಟೆಕ್ಸ್‌ಗಳ) ಕಂಬಸಾಲು ಎಷ್ಟು ಬೇಕು? ಸುತ್ತು ಮುಗಿದಾಗ ಕೊನೆಯದು ಮೊದಲನೆಯದನ್ನೇ ಸೇರುತ್ತದಲ್ಲ, 36 ಸಾಕು ಅನ್ನಿಸುತ್ತದೆ. ಆಕಾರಕ್ಕೆ ಸಾಕು, ಚಿತ್ರಕ್ಕೆ ಸಾಲದು. ಕೊನೆಯ ತೊಳೆಯ ಒಂದು ಅಂಚಿನಲ್ಲಿ ಯು 0.972, ಇನ್ನೊಂದು ಅಂಚಿನಲ್ಲಿ 0. ಜಿಪಿಯು (ಗ್ರಾಫಿಕ್ಸ್ ಚಿಪ್) ಈ ಎರಡರ ನಡುವೆ ನೇರವಾಗಿ ಇಳಿಯುತ್ತದೆ. ಇಡೀ ಭೂಪಟ ಎಡಬಲ ತಿರುಗಿ ಆ ಹತ್ತು ಡಿಗ್ರಿಯಲ್ಲಿ ಹಿಂಡಿಕೊಂಡು ಕೂರುತ್ತದೆ. ರಿಪೀಟ್ ಮೋಡ್ (1 ದಾಟಿದರೆ ಚಿತ್ರ ಮತ್ತೆ 0ಯಿಂದ ಶುರುವಾಗುವ ವ್ಯವಸ್ಥೆ) ಹಾಕಿದರೂ ಉಪಯೋಗವಿಲ್ಲ, ಏಕೆಂದರೆ ಆ ಇಳಿಕೆಯ ಲೆಕ್ಕ ಅದಕ್ಕಿಂತ ಮೊದಲೇ ಮುಗಿದಿರುತ್ತದೆ. ಆದ್ದರಿಂದ 37 ಕಂಬಸಾಲು, 19 ಅಡ್ಡಸಾಲು, ಒಟ್ಟು 703 ಶೃಂಗ. ಕೊನೆಯ ಸಾಲಿನ ಸ್ಥಾನ ಮೊದಲನೆಯದರದ್ದೇ, ಯು ಮಾತ್ರ 1.

ಇದರ ಮೂಲ ಕಾರಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಯಾವ ಶೃಂಗ ಬಳಸಬೇಕೆಂದು ಹೇಳುವ ಇಂಡೆಕ್ಸ್ ಅರೇಯಲ್ಲಿರುವ ಒಂದೇ ಸಂಖ್ಯೆ ಸ್ಥಾನ, ನಾರ್ಮಲ್ (ಮೇಲ್ಮೈ ಮುಖಮಾಡಿದ ದಿಕ್ಕು), ಯುವಿ ಮೂರನ್ನೂ ಎತ್ತಿಕೊಡುತ್ತದೆ. ಸ್ಥಾನ ಒಂದೇ ಇದ್ದರೂ ಯುವಿ ಬೇರೆಯಾದರೆ ಅದು ಬೇರೆ ಶೃಂಗ. ಎಂಟು ಮೂಲೆಯ ಘನಕ್ಕೆ, ಆರೂ ಮುಖಕ್ಕೆ ಪೂರ್ತಿ ಚಿತ್ರ ಬೇಕೆಂದಾಗ, 24 ಶೃಂಗ ಕೊಡುವುದು ಇದಕ್ಕೇ. ಮೂರು ಆಯಾಮದ ಆಕಾರ ಉಳಿಸುವ ಓಬಿಜೆ ಕಡತದಲ್ಲಿ ಮೂರಕ್ಕೂ ಬೇರೆಬೇರೆ ಸಂಖ್ಯೆ ಇರುತ್ತದೆ. ಪ್ರತಿಯೊಂದು ಹೊಸ ಜೋಡಣೆಗೂ ಹೊಸ ಶೃಂಗ ಮಾಡದೆ ಅದನ್ನು ನೇರವಾಗಿ ಕೊಡಲು ಬರುವುದಿಲ್ಲ.

ಇನ್ನು ಮೆಮೊರಿ. ಮೂರನ್ನೂ ಒಂದೇ ಅರೇಯಲ್ಲಿ ಒಂದರ ಹಿಂದೆ ಒಂದು ಇಟ್ಟರೆ, ಸ್ಥಾನಕ್ಕೆ ಮೂರು ಫ್ಲೋಟ್ (ನಾಲ್ಕು ಬೈಟ್‌ನ ದಶಮಾಂಶ ಸಂಖ್ಯೆ), ನಾರ್ಮಲ್‌ಗೆ ಮೂರು, ಯುವಿಗೆ ಎರಡು: ಶೃಂಗಕ್ಕೆ 32 ಬೈಟ್. ಅರೇಯನ್ನು ಹೇಗೆ ಓದಬೇಕೆಂದು ತಿಳಿಸುವ ಕರೆ ಹಳೆಯ ಜಿಎಲ್‌ಟೆಕ್ಸ್‌ಕೋಆರ್ಡ್‌ಪಾಯಿಂಟರ್ ಇರಲಿ, ಈಗಿನ ಜಿಎಲ್‌ವರ್ಟೆಕ್ಸ್‌ಆಟ್ರಿಬ್‌ಪಾಯಿಂಟರ್ ಇರಲಿ, ಸೈಜ್ (ಒಂದು ಯುವಿಯಲ್ಲಿ ಎಷ್ಟು ಸಂಖ್ಯೆ) 2, ಸ್ಟ್ರೈಡ್ 32, ಮೊದಲ ಯುವಿ ಶುರುವಾಗುವ ಜಾಗ ಅಂದರೆ ಆಫ್‌ಸೆಟ್ 24. ಸ್ಟ್ರೈಡ್ ಎಂದರೆ ಒಂದು ಯುವಿಯ ಆರಂಭದಿಂದ ಮುಂದಿನ ಯುವಿಯ ಆರಂಭದವರೆಗಿನ ದೂರ, ಅದೂ ಬೈಟ್‌ಗಳಲ್ಲಿ. ನಡುವಿನ ಖಾಲಿ ಜಾಗವೆಂದು 24 ಬರೆದರೂ, ಫ್ಲೋಟ್ ಎಣಿಸಿ 8 ಬರೆದರೂ ಭೂಪಟ ಚಿಂದಿಯಾಗುತ್ತದೆ. ಯಾವ ಬಫರ್‌ನಿಂದ (ಅರೇ ಇಟ್ಟ ಮೆಮೊರಿ ಭಾಗದಿಂದ) ಓದಬೇಕೆಂಬುದು ಈ ಕರೆಯ ಹೊತ್ತಿಗೇ ನಿರ್ಧಾರವಾಗುತ್ತದೆ, ಚಿತ್ರ ಬರೆಯುವ ಹೊತ್ತಿಗಲ್ಲ. ಬಫರನ್ನು ಮೊದಲೇ ಬೈಂಡ್ ಮಾಡಿರಬೇಕು, ಅಂದರೆ ಇದನ್ನೇ ಬಳಸು ಎಂದು ಆರಿಸಿರಬೇಕು. ಹಳೆಯ ವಿಧಾನದಲ್ಲಿ ಎರಡು ಟೆಕ್ಸ್ಚರ್ ಇದ್ದರೆ ಅರೇಗಾಗಿ ಬದಲಿಸಬೇಕಾದದ್ದು ಜಿಎಲ್‌ಕ್ಲೈಂಟ್‌ಆಕ್ಟಿವ್‌ಟೆಕ್ಸ್ಚರ್. ಜಿಎಲ್‌ಆಕ್ಟಿವ್‌ಟೆಕ್ಸ್ಚರ್ ಬೇರೆಯೇ ಸಂಗತಿ.

ಅರೇಯನ್ನು ಎನೇಬಲ್ ಮಾಡಲು ಮರೆತರೆ ಸಾಮಾನ್ಯವಾಗಿ ಎಲ್ಲ ಶೃಂಗಕ್ಕೂ 0, 0 ಸಿಗುತ್ತದೆ. ಭೂಪಟದ ಆ ಮೂಲೆ ಅಂಟಾರ್ಕ್ಟಿಕಾ, ಹಾಗಾಗಿ ಗೋಳ ಪೂರ್ತಿ ಬಿಳಿ. ಮಿಪ್‌ಮ್ಯಾಪ್ (ಚಿತ್ರದ ಕಿರಿದಾದ ಪ್ರತಿಗಳು) ಕೊಡದೆ ಡಿಫಾಲ್ಟ್ ಫಿಲ್ಟರನ್ನೇ ಬಿಟ್ಟರೂ ಹಳೆಯ ವಿಧಾನದಲ್ಲಿ ಟೆಕ್ಸ್ಚರ್ ಇಲ್ಲದಂತಾಗಿ ಗೋಳ ಬಿಳಿಯಾಗಿಯೇ ಕಾಣಬಹುದು, ಎರಡನ್ನೂ ಪರೀಕ್ಷಿಸಿ. ಅಂಟಾರ್ಕ್ಟಿಕಾ ಮೇಲೆ ಬಂದರೆ ಕಾರಣ ಬೇರೆ: ಓಪನ್‌ಜಿಎಲ್‌ಗೆ ಕೊಟ್ಟ ಮೊದಲ ಸಾಲು ವಿ 0, ಪಿಎನ್‌ಜಿ ಕಡತದ ಮೊದಲ ಸಾಲು ಚಿತ್ರದ ನೆತ್ತಿ. ಓದುವಾಗ ತಿರುಗಿಸಿ, ಇಲ್ಲವೇ ವಿಯನ್ನು 1ರಿಂದ ಕಳೆಯಿರಿ. ಎರಡನ್ನೂ ಮಾಡಿದರೆ ಮತ್ತೆ ತಲೆಕೆಳಗು.

ಸಂಶಯ ಬಂದಾಗ ಭೂಪಟವನ್ನು ಪಕ್ಕಕ್ಕಿಟ್ಟು, ಫ್ರ್ಯಾಗ್ಮೆಂಟ್ ಶೇಡರ್‌ನಲ್ಲಿ (ಪ್ರತಿ ಪಿಕ್ಸೆಲ್‌ನ ಬಣ್ಣ ನಿರ್ಧರಿಸುವ ಕಿರುಪ್ರೋಗ್ರಾಂನಲ್ಲಿ) ಯುವನ್ನು ಕೆಂಪಾಗಿ, ವಿಯನ್ನು ಹಸಿರಾಗಿ ಬರೆಯಿರಿ. ಪೂರ್ವಕ್ಕೆ ಹೋದಂತೆ ಕೆಂಪು ಏರಬೇಕು, ಉತ್ತರಕ್ಕೆ ಹಸಿರು. 180 ಡಿಗ್ರಿ ರೇಖೆಯಲ್ಲಿ ಕೆಂಪು ಒಂದೇ ಗೆರೆಯಲ್ಲಿ ಥಟ್ಟನೆ ನಿಲ್ಲಬೇಕು. ಅಲ್ಲಿ ಒಂದು ತೊಳೆಯಷ್ಟು ಅಗಲಕ್ಕೆ ಕೆಂಪು ಮೆಲ್ಲಗೆ ಆರಿಹೋಗುತ್ತಿದ್ದರೆ, 37ನೇ ಕಂಬಸಾಲು ಬಿಟ್ಟುಹೋಗಿದೆ.