ಸ್ಟಾಂಡನ್ ಹಳ್ಳಿಯ ವಿಲಿಯಂ ಬರ್ಡ್

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಸಂಗೀತ ರಚನೆಕಾರ ವಿಲಿಯಂ ಬರ್ಡ್ ಅಂದ ಕೂಡಲೇ ಎಲ್ಲರೂ ಲಂಡನ್ನಿನ ಅರಮನೆಯಿಂದ ಶುರುಮಾಡುತ್ತಾರೆ. ಅದು ಸಹಜವೇ. 1572ರಲ್ಲಿ ಅವರು ರಾಣಿ ಎಲಿಜಬೆತ್‌ರ ಚಾಪೆಲ್ ರಾಯಲ್, ಅಂದರೆ ಅರಮನೆಯ ಆರಾಧನೆಗೆ ಹಾಡುವ ತಂಡ ಸೇರಿದರು. 1575ರಲ್ಲಿ ಹಿರಿಯ ರಚನೆಕಾರ ಥಾಮಸ್ ಟ್ಯಾಲಿಸ್ ಜೊತೆಗೂಡಿ, ಸಂಗೀತ ಅಚ್ಚು ಹಾಕಿಸುವ ಹಕ್ಕನ್ನು 21 ವರ್ಷಕ್ಕೆ ಪಡೆದರು. ಆದರೆ ನಾನಿವತ್ತು ಮಾತಾಡಬೇಕೆಂದಿರುವುದು ಐವತ್ತು ದಾಟಿದ ಬರ್ಡ್ ಬಗ್ಗೆ. 1594ರ ಹೊತ್ತಿಗೆ ಅವರು ಸಂಸಾರ ಸಮೇತ ಎಸೆಕ್ಸ್‌ನ ಸ್ಟಾಂಡನ್ ಮ್ಯಾಸಿ ಎಂಬ ಹಳ್ಳಿಗೆ ಬಂದರು. 1623ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಊರು.

ಅಲ್ಲಿಗೇ ಯಾಕೆ? ಕೆಲವೇ ಮೈಲಿ ದೂರದಲ್ಲಿ ಇಂಗೇಟ್‌ಸ್ಟೋನ್ ಹಾಲ್ ಇತ್ತು, ಸರ್ ಜಾನ್ ಪೀಟರ್ ಅವರ ಮನೆ. ಪೀಟರ್ ಮನೆತನ ಕ್ಯಾಥೊಲಿಕ್, ಬರ್ಡ್ ಕೂಡ ಕ್ಯಾಥೊಲಿಕ್. ಆಗಿನ ಇಂಗ್ಲೆಂಡ್ ಪ್ರಾಟೆಸ್ಟಂಟ್ ರಾಜ್ಯ. ಕ್ಯಾಥೊಲಿಕರ ಮುಖ್ಯ ಆರಾಧನೆಯಾದ ಬಲಿಪೂಜೆ, ಅಂದರೆ ಮಾಸ್, ನಡೆಸುವುದೇ ಅಪರಾಧ. ಊರಿನ ಚರ್ಚಿಗೆ ಹೋಗದಿದ್ದರೆ ದಂಡ. ಕ್ಯಾಥೊಲಿಕ್ ಪಾದ್ರಿಗಳು ಸಿಕ್ಕಿಬಿದ್ದರೆ ಗಲ್ಲು. ಬರ್ಡ್ ಮನೆಯವರ ಮೇಲೂ ಮತ್ತೆ ಮತ್ತೆ ದೂರು ದಾಖಲಾಯಿತು. ಇದರ ಜೊತೆಗೆ ಸ್ಟಾಂಡನ್ ಮನೆಯ ಒಡೆತನಕ್ಕಾಗಿ ವರ್ಷಗಟ್ಟಲೆ ವ್ಯಾಜ್ಯ ಬೇರೆ.

ಕ್ಯಾಥೊಲಿಕರು ಬಾಗಿಲು ಹಾಕಿಕೊಂಡು ಪೂಜೆ ಮಾಡುತ್ತಿದ್ದ ಇಂಥ ಮನೆಗಳಲ್ಲಿ ಹಾಡುವವರು ಎಷ್ಟು ಮಂದಿ ಇರಲು ಸಾಧ್ಯ? ಕೆಥೆಡ್ರಲ್‌ನ ದೊಡ್ಡ ಮೇಳ ಇಲ್ಲ. ಮನೆಯವರು, ನಂಬಿಕಸ್ತ ನಾಲ್ಕಾರು ಜನ, ಅಷ್ಟೇ ಅಲ್ವಾ? ಬರ್ಡ್ ಅವರ ಮೂರು ಬಲಿಪೂಜಾ ರಚನೆಗಳು ಈ ಅಳತೆಗೇ ಕೂರುತ್ತವೆ. ಒಂದು ನಾಲ್ಕು ದನಿಗೆ, ಒಂದು ಮೂರು ದನಿಗೆ, ಇನ್ನೊಂದು ಐದು ದನಿಗೆ. ದನಿ ಅಂದರೆ ಒಟ್ಟಿಗೆ ಹಾಡುವಾಗ ತನ್ನದೇ ಬೇರೆ ಧಾಟಿ ಇರುವ ಸಾಲು. 1592 ಮತ್ತು 1595ರ ನಡುವೆ ಅಚ್ಚಾದವು. ಮುಖಪುಟ ಇಲ್ಲ, ಮುದ್ರಕರ ಹೆಸರಿಲ್ಲ, ಇಸವಿ ಇಲ್ಲ. ಆದರೆ ಒಳಗಿನ ಪುಟಗಳಲ್ಲಿ ಬರ್ಡ್ ಹೆಸರು ಇದೆ! ಈ ಧೈರ್ಯ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಬಂದದ್ದು ‘ಗ್ರಾಜುವಾಲಿಯಾ’. 1605ರಲ್ಲಿ ಮೊದಲ ಸಂಪುಟ, 1607ರಲ್ಲಿ ಎರಡನೆಯದು. ವರ್ಷದ ಹಬ್ಬಹಬ್ಬಕ್ಕೂ ಬೇಕಾದ ನೂರಕ್ಕೂ ಹೆಚ್ಚು ಲ್ಯಾಟಿನ್ ರಚನೆಗಳು. ಹೆಚ್ಚಿನವು ಚಿಕ್ಕವು. ಒಂದು ಮಾತನ್ನೂ ಸುಮ್ನೆ ಎಳೆಯುವುದಿಲ್ಲ. ಪವಿತ್ರ ಮಾತುಗಳನ್ನು ಮನಸ್ಸಿಟ್ಟು ಧ್ಯಾನಿಸಿದರೆ ತಕ್ಕ ಸ್ವರಗಳು ತಾವಾಗಿಯೇ ಬರುತ್ತವೆ ಎಂಬ ಅರ್ಥದ ಮಾತನ್ನು ಅವರು ಮೊದಲ ಸಂಪುಟದಲ್ಲಿ ಬರೆದಿದ್ದಾರೆ. ಅದೇ ಸಂಪುಟದ ‘ಆವೆ ವೇರುಮ್ ಕಾರ್ಪುಸ್’ ಕೇಳಿದವರಿಗೆ ಇದು ಬರೀ ಮಾತಲ್ಲ ಅಂತ ಗೊತ್ತಾಗುತ್ತದೆ. ಎರಡನೇ ಸಂಪುಟ ಪೀಟರ್ ಅವರಿಗೇ ಅರ್ಪಣೆ. ಇದರಲ್ಲಿ ಹೆಚ್ಚಿನವು ನಿಮ್ಮ ತೋಟದಲ್ಲೇ ಬಿಡಿಸಿದ ಹೂಗಳು ಎಂದು ಬರ್ಡ್ ಹೇಳಿಕೊಂಡಿದ್ದಾರೆ.

ಆದರೆ 1605ರ ನವೆಂಬರಿನಲ್ಲೇ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸುವ ಸಂಚು ಬಯಲಾಯಿತು. ಕ್ಯಾಥೊಲಿಕರ ಮೇಲೆ ಸಂಶಯ ಜಾಸ್ತಿಯಾಯಿತು. ಬರ್ಡ್ ಅವರ ಪುಸ್ತಕ ಕೈಯಲ್ಲಿದ್ದ ಕಾರಣಕ್ಕೆ ಫ್ರೆಂಚ್ ಪ್ರವಾಸಿಯೊಬ್ಬರು ನ್ಯೂಗೇಟ್ ಜೈಲು ಸೇರಿದರು. ಹಾಡಿನ ಪುಸ್ತಕಕ್ಕೆ ಜೈಲು! ಆದರೂ 1610ರಲ್ಲಿ ಬರ್ಡ್ ಎರಡೂ ಸಂಪುಟಗಳನ್ನು ಮತ್ತೆ ಹೊರತಂದರು.

ಈಗ ನಾಲ್ಕು ದನಿಗಳ ಬಲಿಪೂಜೆಯ ಕೊನೆಯ ಭಾಗ ಕೇಳೋಣ, ‘ದೇವರ ಕುರಿಮರಿಯೇ’ ಎಂಬ ಪ್ರಾರ್ಥನೆ. ಮೊದಲು ಎರಡೇ ದನಿ, ಆಮೇಲೆ ಮೂರು, ಕೊನೆಗೆ ನಾಲ್ಕೂ. ಶಾಂತಿಯನ್ನು ಬೇಡುವ ಜಾಗದಲ್ಲಿ ಒಂದು ದನಿ ತನ್ನ ಸ್ವರವನ್ನು ಬಿಡದೆ ಹಿಡಿದು, ಪಕ್ಕದ ದನಿಗೆ ತಾಕಿ, ಆಮೇಲೆ ಮೆಲ್ಲಗೆ ಕೆಳಗಿಳಿಯುತ್ತದೆ. ಹೀಗೇ ಮತ್ತೆ ಮತ್ತೆ. ಆ ಜಾಗವನ್ನು ಗಮನಿಸಿ.