ಬಾಗಿಲು ಹಾಕಿಕೊಂಡ ಕಾಕಾ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಕಾ ಇರುವುದು ವಿಜಯಪುರದಲ್ಲಿ. ರಿಟೈರ್ ಆದ ಮಾಸ್ತರರು, ವಯಸ್ಸು 76. ಹೋದ ನವೆಂಬರಿನಲ್ಲಿ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಅವರ ಚಹಾ ಆರಿ ಕೆನೆ ಕಟ್ಟಿತ್ತು. ಕಾಕಾ ಒಳಗೆ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದರು. ಹೊರಗೆ ಬಂದಾಗ ಮುಖ ಕಳೆಗುಂದಿತ್ತು. "ಏನಾತು ಕಾಕಾ?" ಅಂದೆ. "ಏನಿಲ್ಲ ಬಿಡು" ಅಂದರು. ಅವತ್ತು ಸಂಜೆ ಸಿದ್ಧೇಶ್ವರ ಗುಡಿಗೂ ಹೋಗಲಿಲ್ಲ. ರಾತ್ರಿ ಚಿಗವ್ವ ಕೂಡಿಸಿಕೊಂಡು ಕೇಳಿದ ಮೇಲೆ ಬಾಯಿ ಬಿಟ್ಟರು.

ನವೆಂಬರ್ ಅಂದರೆ ಪೆನ್ಷನ್ ಪಡೆಯುವವರು ತಾವು ಬದುಕಿದ್ದೇವೆ ಅನ್ನುವುದಕ್ಕೆ ಲೈಫ್ ಸರ್ಟಿಫಿಕೇಟ್ ಕೊಡುವ ತಿಂಗಳು. ಕಳ್ಳರಿಗೂ ಅದು ಗೊತ್ತು. "ಇವತ್ತೇ ಆಗದಿದ್ದರೆ ಪೆನ್ಷನ್ ನಿಲ್ಲುತ್ತದೆ" ಅಂತ ಹೆದರಿಸಿ ಒಟಿಪಿ ಕೇಳಿದ್ದಾರೆ. ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಬೆರಳಚ್ಚು ಕೊಟ್ಟು ಮಾಡಿಸುವ ಕೆಲಸ ಅದು. ಯಾರೋ ಫೋನ್ ಮಾಡಿ ಒಟಿಪಿ ಕೇಳಿದರೆ ಅವನು ಕಳ್ಳನೇ. ಕಾಕಾನಿಗೆ ಅದು ಹೊಳೆಯುವಷ್ಟರಲ್ಲಿ 38,000 ರೂಪಾಯಿ ಹೋಗಿತ್ತು.

ನಾನು ಮಾಡಿದ್ದು ತಪ್ಪು. "ಮಾಸ್ತರ ಆಗಿದ್ದವರು, ಇಷ್ಟೂ ತಿಳೀಲಿಲ್ಲೇನ್ರಿ?" ಅಂದುಬಿಟ್ಟೆ. ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, "ಹಿಂಗ ಬೈತೀರಿ ಅಂತನ ಹೇಳಲಿಲ್ಲಪಾ" ಅಂದರು. ಆ ಮಾತು ಇನ್ನೂ ಎದೆಯಲ್ಲಿದೆ.

ಹಾಗೆ ಯಾರಿಗೂ ಹೇಳದೆ ಏಳು ತಾಸು ಹೋಯಿತು. ಈ ಹೊತ್ತು ಬಹಳ ದೊಡ್ಡದು. ಕದ್ದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಸೈಬರ್ ವಂಚನೆಯ ದೂರಿಗೆ ಇರುವ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿದರೆ, ಅದು ಯಾವ ಖಾತೆಯಲ್ಲಿದೆಯೋ ಅಲ್ಲೇ ತಡೆಯುವ ಅವಕಾಶ ಇರುತ್ತದೆ. ಬ್ಯಾಂಕಿಗೂ ಆಗಲೇ ತಿಳಿಸಬೇಕು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಒಟಿಪಿ ನಾವೇ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಕಳ್ಳರು ತೆಗೆದ ಹಣದ ನಷ್ಟ ಬ್ಯಾಂಕಿನದು. ನಾವು ಆ ರಾತ್ರಿ ಫೋನ್ ಮಾಡಿದಾಗ 11,000 ಮಾತ್ರ ತಡೆಯಲು ಆಯಿತು.

ವಿಡಿಯೋ ಕಾಲಿನಲ್ಲಿ ಪೊಲೀಸ್ ವೇಷ ಹಾಕಿ "ಡಿಜಿಟಲ್ ಅರೆಸ್ಟ್" ಅನ್ನುವವರೂ ಇದ್ದಾರಲ್ವಾ? ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಅವರು ಮೊದಲು ಹೇಳುವುದೇ "ಮನೆಯಲ್ಲಿ ಯಾರಿಗೂ ಹೇಳಬೇಡಿ" ಅಂತ. ಮನೆಯವರು ಬೈಯುತ್ತಾರೆ ಅನ್ನುವ ಹೆದರಿಕೆ ಹಿರಿಯರಲ್ಲಿ ಮೊದಲೇ ಇದ್ದರೆ, ಕಳ್ಳನ ಅರ್ಧ ಕೆಲಸ ನಾವೇ ಮಾಡಿಕೊಟ್ಟಂತೆ.

ಈಗ ಕಾಕಾನ ಮನೆಯ ಕ್ಯಾಲೆಂಡರಿನ ಮೇಲೆ 1930 ಅಂತ ದೊಡ್ಡದಾಗಿ ಬರೆದಿದ್ದೇವೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಕಾಕಾ ಪಡಸಾಲೆಗೆ ಬಂದು ಸ್ಪೀಕರ್ ಹಾಕುತ್ತಾರೆ. ಚಿಗವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಬಂದು ಪಕ್ಕದಲ್ಲಿ ಕೂರುತ್ತಾಳೆ.