ಮೋರನಾಳದ ಭೀಮವ್ವ, ದರೋಜಿಯ ಈರಮ್ಮ

ಕೇಳುಗರಿಗೆ ನಮಸ್ಕಾರ. ತೊಗಲುಗೊಂಬೆ ಆಡಿಸುವ, ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು 96. ಸುದ್ದಿಯಲ್ಲೆಲ್ಲ ವಯಸ್ಸಿನದು, ವಿದೇಶ ಪ್ರವಾಸದ್ದೇ ಮಾತು. ಹಿಂದೆ ದೀಪವಿಟ್ಟ ಪರದೆಗೆ ಚರ್ಮದ ಗೊಂಬೆ ಹಿಡಿದು ಕಥೆ ಆಡಿಸುವ ಕಲೆ ಇದು. ಆ ಪರದೆಯ ಹಿಂದಿನ ದುಡಿಮೆ ಏನು ಅಂತ ಕೇಳಿದವರು ಕಡಿಮೆ. ಇವತ್ತು ಅದನ್ನೇ ಮಾತಾಡೋಣ.

ತೊಗಲುಗೊಂಬೆ ಆಡಿನ ಚರ್ಮದ್ದು. ಹಿಂದೆ ಜಿಂಕೆಯದೂ ಇತ್ತು. ಕೂದಲು ತೆಗೆದು, ಒಳಮೈಯ ಕೊಬ್ಬು ಉಳಿಯದಂತೆ ಹೆರೆದು, ಬಿಗಿಯಾಗಿ ಎಳೆದು ಕಟ್ಟಿ ಒಣಗಿಸುತ್ತಾರೆ. ಚಪ್ಪಲಿ ಚರ್ಮದ ಹಾಗೆ ಹದ ಮಾಡುವಂತಿಲ್ಲ, ಮಾಡಿದರೆ ಬೆಳಕು ದಾಟುವುದಿಲ್ಲ. ಕೊಬ್ಬು ಉಳಿದ ಕಡೆ ಬಣ್ಣ ಕೂರುವುದಿಲ್ಲ, ಹುಳು ಬೀಳುತ್ತದೆ. ಚಿತ್ರ ಬರೆದ ಮೇಲೆ ಒಡವೆ, ಸೀರೆಯಂಚು ಬರುವಲ್ಲಿ ಉಳಿಯಿಂದ ಸಣ್ಣ ತೂತು ಹೊಡೆಯುತ್ತಾರೆ. ಪರದೆಯ ಮೇಲೆ ಮಿನುಗುವ ಮುತ್ತುಗಳೆಲ್ಲ ಬರೀ ತೂತುಗಳು. ನಡುವಿಗೆ ಸೀಳಿದ ಬಿದಿರ ಕಡ್ಡಿ. ಕೈಗಳನ್ನು ಬೇರೆ ಕತ್ತರಿಸಿ ದಾರದಿಂದ ಗಂಟು ಹಾಕುತ್ತಾರೆ. ಗಂಟು ಬಿಗಿಯಾದರೆ ಕೈ ಆಡುವುದಿಲ್ಲ, ಸಡಿಲಾದರೆ ರಾಮನ ಬಿಲ್ಲು ಜೋತುಬೀಳುತ್ತದೆ.

ಆಡಿಸುವಾಗ ಗೊಂಬೆಯನ್ನು ಪರದೆಗೆ ಒತ್ತಿ ಹಿಡಿಯಬೇಕು. ನಾಲ್ಕು ಬೆರಳು ಹಿಂದೆ ಸರಿದರೂ ಅಂಚು ಮಸುಕು. ಇದರ ಜೊತೆಗೆ ಹಾಡು, ಮಾತು. ಹೆಣ್ಣುಪಾತ್ರಗಳ ದನಿ ಮೇಳದ ಹೆಂಗಸರದು. ಸೀತೆಯ ಅಳು, ಮಂಡೋದರಿಯ ಬುದ್ಧಿಮಾತು, ಆಟದ ಹಾಸ್ಯಪಾತ್ರ ಬಂಗಾರಕ್ಕನ ಬೈಗುಳ, ಎಲ್ಲ ಒಂದೇ ಗಂಟಲಿಂದ ಬರಬೇಕು. ಸೀತೆಗಿಂತ ಬಂಗಾರಕ್ಕ ಕಷ್ಟ ಅಂತ ನನ್ನ ಲೆಕ್ಕ: ಸೀತೆಗೆ ಪದ ಇದೆ, ಬಂಗಾರಕ್ಕನ ಮಾತು ಎದುರಿಗೆ ಕೂತ ಊರು ನೋಡಿ ಅಲ್ಲೇ ಹುಟ್ಟಬೇಕು.

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರಿಗೆ ಪರದೆಯೂ ಇರಲಿಲ್ಲ. ಅವರದು ಬುರ್ರಕಥೆ, ಜೊತೆಯವರೊಂದಿಗೆ ಕಥೆಯನ್ನು ಹಾಡಿ ಹೇಳುವ ಕಲೆ. ಅಕ್ಷರ ಕಲಿತವರಲ್ಲ, ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿಯಂಥ ದೊಡ್ಡ ಕಥನಗಳು ಬಾಯಲ್ಲೇ ಇದ್ದವು. ಇಂಥ ಕಥೆಯನ್ನು ರಾತ್ರಿಯಿಡೀ ಹಾಡುವುದು ನೆನಪಿನ ಬಲ ಒಂದರಿಂದಲೇ ಆಗುವ ಕೆಲಸವಲ್ಲ. ಮುಂದೆ ಹಾಡುವವರು ಸಾಲು ಮುಗಿಸಿದ ಕೂಡಲೇ ಪಕ್ಕದವರು ಸೊಲ್ಲು, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿ, ಎತ್ತಿಕೊಳ್ಳಬೇಕು. ಆ ಒಂದು ಗಳಿಗೆಯಲ್ಲಿ ಮುಂದೆ ಹಾಡುವವರಿಗೆ ಉಸಿರೂ ಸಿಗುತ್ತದೆ, ಮುಂದಿನ ಸಾಲೂ ಸಿಗುತ್ತದೆ. ಸೊಲ್ಲು ತಡವಾದರೆ ಕಥೆ ಅಲ್ಲೇ ಮುಗ್ಗರಿಸುತ್ತದೆ. ಹಾಗಾಗಿ ಮೇಳ ಕಟ್ಟುವ ಹೆಂಗಸು ಮೊದಲು ಪಕ್ಕದ ದನಿಗಳನ್ನು ತಯಾರು ಮಾಡಬೇಕು. 1999ರಲ್ಲಿ ಈರಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು, 2014ರಲ್ಲಿ ತೀರಿಕೊಂಡರು. ಅವರ ಕಥನಗಳಲ್ಲಿ ಕೆಲವು ಅಚ್ಚಾಗಿವೆ, ಒಳ್ಳೆಯದೇ. ಆದರೆ ಅಚ್ಚಿನಲ್ಲಿ ಸೊಲ್ಲನ್ನು ಒಮ್ಮೆ ಹಾಕಿ ಬಿಟ್ಟರೆ, ಓದುವವರಿಗೆ ಹಾಡಿನ ಅರ್ಧ ನಡೆಯೇ ಕಾಣುವುದಿಲ್ಲ.

ಈಗ ಉತ್ಸವದ ವೇದಿಕೆಗಳಲ್ಲಿ ಈ ಕಲೆಗಳಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಮೊದಲ ಸ್ತುತಿಯ ಗಣಪತಿ ಬಂದು ಹೋಗುವುದೇ ಆಗುತ್ತದೆ! ನಿಮ್ಮೂರಿನ ಜಾತ್ರೆಗೆ ಮೇಳ ಕರೆಸುವುದಾದರೆ ಒಂದು ಪ್ರಸಂಗ ಪೂರ್ತಿ ಕೇಳಿ, ಕಡಿಮೆಯೆಂದರೂ ಎರಡು ತಾಸು ಕೊಡಿ. ಹಾಡುವವರಿಗೆ ಬೇರೆ ಮೈಕ್ ಇರಲಿ. ಗೊಂಬೆಯಾಟವಾದರೆ ಪರದೆಯ ಮುಂದೆ ಕತ್ತಲೆ ಬೇಕೇ ಬೇಕು. ಬೀದಿದೀಪ ಆರಿಸುವುದಕ್ಕೆ ಪಂಚಾಯ್ತಿಯವರಿಗೆ ಹಗಲಲ್ಲೇ ಹೇಳಿಡಿ, ಆಟ ಶುರುವಾದ ಮೇಲೆ ಯಾರೂ ಸಿಗುವುದಿಲ್ಲ. ನಮಸ್ಕಾರ.